ಸ್ಕೂಟರಿನ ಶ್ರುತಿ

ಸ್ಕೂಟರನ್ನು ಒಮ್ಮೆ ಎಡಕ್ಕೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಕಿಕ್ಕರನ್ನು ಒದೆಯುತ್ತಿದ್ದ ಗೃಹಸ್ಥರ ಚಿತ್ರ ನಮ್ಮ ಊರುಗಳಲ್ಲಿ ನಡುವಯಸ್ಸು ದಾಟಿದ ಯಾರಿಗೂ ಅಪರಿಚಿತವಲ್ಲ. ಮುಂದೆ ಮಗು, ಹಿಂದೆ ಹೆಂಡತಿ, ಕೊಕ್ಕೆಯಲ್ಲಿ ತರಕಾರಿಯ ಚೀಲ. ಹೊತ್ತಿಗೆ ಸರಿಯಾಗಿ ಕಚೇರಿ ಮುಟ್ಟಿಸಿದರೆ ಸಾಕು, ಲೀಟರಿಗೆ ನಾಲ್ಕು ಕಿಲೋಮೀಟರು ಹೆಚ್ಚು ಓಡಿದರೆ ಪರಮ ಸಂತೋಷ ಎಂಬಷ್ಟೇ ಆ ವಾಹನದಿಂದ ನಮ್ಮ ನಿರೀಕ್ಷೆಯಾಗಿತ್ತು. ಅದೇ ಕುಲದ, ಅದೇ ರಚನೆಯ ಎಂಜಿನ್ನಿನ ಶಕ್ತಿಯನ್ನು ಇಮ್ಮಡಿಗೊಳಿಸುವ ವಿದ್ಯೆಯೊಂದು ಇಟಲಿ, ಇಂಗ್ಲೆಂಡುಗಳಲ್ಲಿ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಬೆಳೆದುಬಂದಿದೆ ಎಂದರೆ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಆ ವಿದ್ಯೆಗೆ ಟ್ಯೂನಿಂಗ್ ಎಂದು ಹೆಸರು. ವೀಣೆಗೂ ತಂಬೂರಿಗೂ ಸಲ್ಲುವ ಮಾತು ಯಂತ್ರಕ್ಕೂ ಸಂದಿದೆ. ಅದು ಎಷ್ಟು ಅರ್ಥವತ್ತಾಗಿ ಸಂದಿದೆ ಎಂಬುದನ್ನು ಆ ವಿದ್ಯೆಯ ಚರಿತ್ರೆಯೇ ಹೇಳುತ್ತದೆ.

ಎರಡನೆಯ ಮಹಾಯುದ್ಧದ ಬಾಂಬು ದಾಳಿಗೆ ತುತ್ತಾಗಿದ್ದ ಪೊಂಟೆಡೇರಾದ ವಿಮಾನ ಕಾರ್ಖಾನೆಯನ್ನು ಬದುಕಿಸಿಕೊಳ್ಳಲು ಎನ್ರಿಕೊ ಪಿಯಾಜಿಯೊ ಕಂಡುಕೊಂಡ ದಾರಿ, ಬಡವರಿಗೂ ಎಟುಕುವ ದ್ವಿಚಕ್ರ ವಾಹನದ್ದು. ಅದನ್ನು ರೂಪಿಸಿದ ಕೊರಾಡೀನೊ ದಸ್ಕಾನಿಯೊ, 1930ರಷ್ಟು ಹಿಂದೆಯೇ ದಾಖಲೆ ನಿರ್ಮಿಸಿದ್ದ ಹೆಲಿಕಾಪ್ಟರೊಂದರ ಕರ್ತೃ. 1946ರಲ್ಲಿ ಹೊರಬಂದ ಮೊದಲ ವೆಸ್ಪಾದ ಎಂಜಿನ್ನು ಕೇವಲ 98 ಸಿ.ಸಿ.ಯದು, ಅದರ ಶಕ್ತಿ ಮೂರು ಅಶ್ವಶಕ್ತಿಗಿಂತ ತುಸು ಹೆಚ್ಚು. ಮರುವರ್ಷವೇ ಮಿಲಾನ್ ನಗರದ ಲಂಬ್ರಾಟೆ ಬಡಾವಣೆಯಿಂದ, ಉಕ್ಕಿನ ಕೊಳವೆಗಳ ಉದ್ಯಮಿ ಫೆರ್ಡಿನಾಂಡೊ ಇನ್ನೊಚೆಂಟಿಯ ಲ್ಯಾಂಬ್ರೆಟ್ಟಾ ಬಂದಿತು.

ಈ ಎರಡೂ ಟೂ-ಸ್ಟ್ರೋಕ್ ಎಂಜಿನ್ನುಗಳು. ಇವುಗಳಲ್ಲಿ ಮೇಲೆ ಕೆಳಗೆ ಆಡುವ ವಾಲ್ವುಗಳ ಪರಿವಾರವಿಲ್ಲ. ಹೊಸ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಬರುವುದಕ್ಕೂ ಸುಟ್ಟ ಅನಿಲ ಹೊರಹೋಗುವುದಕ್ಕೂ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಂತಹ ರಂಧ್ರಗಳಿರುತ್ತವೆ. ಪಿಸ್ಟನ್ನೇ ತನ್ನ ಓಡಾಟದಲ್ಲಿ ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. ಆದಕಾರಣ ಯಾವ ಕಿಟಕಿ ಎಷ್ಟು ಅಗಲ, ಎಷ್ಟು ಎತ್ತರ ಎಂಬುದರಲ್ಲಿಯೇ ಎಂಜಿನ್ನಿನ ಸ್ವಭಾವ ಅಡಗಿದೆ. ಒಂದು ಅರವನ್ನು ಹಿಡಿದು ಹೊರಗಂಡಿಯ ಅಂಚನ್ನು ಒಂದೆರಡು ಮಿಲಿಮೀಟರು ಮೇಲಕ್ಕೆ ತೀಡಿದರೆ ಸಾಧುವಾದ ಎಂಜಿನ್ನು ಚಂಡಿಯಾಗುತ್ತದೆ. ಮೇಲಿನ ವೇಗದಲ್ಲಿ ಅದು ಭೋರ್ಗರೆದರೂ ಕೆಳಗಿನ ವೇಗದಲ್ಲಿ ದಿಣ್ಣೆಯೇರಲಾರದೆ ಏದುಸಿರು ಬಿಡುತ್ತದೆ. ಒಂದು ಕಡೆ ಪಡೆದುದಕ್ಕೆ ಇನ್ನೊಂದು ಕಡೆ ತೆರಬೇಕಾಗುತ್ತದೆ.

ಇದರ ಸಾಧ್ಯತೆಯನ್ನು ಮೊದಲು ಮೆರೆದವರು ತಯಾರಕರೇ. 1951ರ ಫೆಬ್ರವರಿಯಲ್ಲಿ ದೀನೊ ಮಾಟ್ಸೊಂಚೀನಿ ರೋಮ್‌–ಓಸ್ತಿಯಾ ಹೆದ್ದಾರಿಯಲ್ಲಿ 125 ಸಿ.ಸಿ.ಯ ವಿಶೇಷ ವೆಸ್ಪಾವನ್ನು ಗಂಟೆಗೆ 171 ಕಿಲೋಮೀಟರು ಓಡಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ರೋಮೊಲೊ ಫೆರ್ರಿ, ಜರ್ಮನಿಯ ಮ್ಯೂನಿಕ್‌–ಇಂಗೊಲ್‌ಸ್ಟಾಟ್ ಹೆದ್ದಾರಿಯಲ್ಲಿ ಅಷ್ಟೇ ಗಾತ್ರದ ಲ್ಯಾಂಬ್ರೆಟ್ಟಾದಿಂದ 200 ಕಿಲೋಮೀಟರಿನ ಗಡಿಯನ್ನೇ ದಾಟಿದರು. ಈ ವಾಹನಗಳು ಹೆಸರಿಗೆ ಮಾತ್ರ ಸ್ಕೂಟರುಗಳು. ಪೇಟೆಯ ಅಂಗಡಿಯಲ್ಲಿ ಕೊಂಡವನಿಗೆ ಅದರಲ್ಲಿ ಪಾಲಿರಲಿಲ್ಲ. ಆದರೆ ಇಷ್ಟು ಸಣ್ಣ ಎಂಜಿನ್ನಿನೊಳಗೆ ಇಷ್ಟು ಬಲ ಮಲಗಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಕೊಂಡವನ ಮನಸ್ಸು ಸುಮ್ಮನಿರುವುದಾದರೂ ಹೇಗೆ?

ಸುಮ್ಮನಿರದವರು ಮುಖ್ಯವಾಗಿ ಇಂಗ್ಲೆಂಡಿನ ತರುಣರು. 1957ರಲ್ಲಿ ಮ್ಯಾನ್ ದ್ವೀಪದಲ್ಲಿ ಸ್ಕೂಟರು ಮೇಳ ಆರಂಭವಾಯಿತು. 1960ರ ದಶಕದ ಆದಿಯಲ್ಲಿ ಮಾಡ್ ಎಂದು ಕರೆಸಿಕೊಂಡ ಯುವಜನಕ್ಕೆ ಸ್ಕೂಟರು ಉಡುಪಿನಷ್ಟೇ ಆತ್ಮೀಯವಾದ ಗುರುತಾಯಿತು. ಅಲ್ಲಿನ ವ್ಯಾಪಾರಿಗಳು ತಮ್ಮ ಅಂಗಡಿಯ ಹಿಂಬದಿಯಲ್ಲಿ ಸಿಲಿಂಡರುಗಳನ್ನು ತೀಡಿ ಮಾರತೊಡಗಿದರು. ಅವರಿಗೆ ಲ್ಯಾಂಬ್ರೆಟ್ಟಾದ ರಚನೆಯೇ ಅನುಕೂಲವಾಗಿತ್ತು. ಆ ಕಾಲದ 125, 150, 175 ಸಿ.ಸಿ. ಮಾದರಿಗಳೆಲ್ಲದರಲ್ಲಿಯೂ ಪಿಸ್ಟನ್ನಿನ ಓಟದ ಉದ್ದ 58 ಮಿಲಿಮೀಟರು. ಬೇರೆಯಾಗಿದ್ದುದು ಸಿಲಿಂಡರಿನ ವ್ಯಾಸ ಮಾತ್ರ. 57 ಮಿಲಿಮೀಟರು ವ್ಯಾಸಕ್ಕೆ 148 ಸಿ.ಸಿ., 62ಕ್ಕೆ 175 ಸಿ.ಸಿ. ಎಂಬುದು ಸರಳ ಗಣಿತ. ಬ್ರಿಟನ್ನಿನ ಒತ್ತಾಯಕ್ಕೆ ಮಣಿದು ಇನ್ನೊಚೆಂಟಿ ಕಂಪೆನಿ 1963ರಲ್ಲಿ ವ್ಯಾಸವನ್ನು 66ಕ್ಕೆ ಏರಿಸಿ 200 ಸಿ.ಸಿ.ಯ ಮಾದರಿಯನ್ನೇ ಹೊರತಂದಿತು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಆ ಮಾದರಿಯ ಮುಂಚಕ್ರದಲ್ಲಿ ಡಿಸ್ಕ್ ಬ್ರೇಕಿತ್ತು. ಮಾರಾಟಕ್ಕೆ ಬಂದ ದ್ವಿಚಕ್ರ ವಾಹನಗಳಲ್ಲಿ ಅದನ್ನು ಮೊಟ್ಟಮೊದಲಿಗೆ ಪಡೆದವುಗಳ ಸಾಲಿನಲ್ಲಿ ಲ್ಯಾಂಬ್ರೆಟ್ಟಾ ನಿಲ್ಲುತ್ತದೆ. ಓಡುವ ಬಲವನ್ನು ಹೆಚ್ಚಿಸಿದವರು ನಿಲ್ಲುವ ಬಲವನ್ನು ಮರೆತಿರಲಿಲ್ಲ.

ಅರದ ಕೆಲಸಕ್ಕೆ ಶಾಸ್ತ್ರದ ಬೆಂಬಲ ದೊರೆತದ್ದು ಸ್ಕೂಟರಿನ ಲೋಕದಿಂದಲ್ಲ. ಪೂರ್ವ ಜರ್ಮನಿಯ ಚೋಪೌ ಎಂಬ ಊರಿನ ಎಂ.ಜಡ್. ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು 1950ರ ದಶಕದಲ್ಲಿ ಸೈಲೆನ್ಸರಿನ ಕೊಳವೆಯೊಳಗೆ ಸಂಚರಿಸುವ ಒತ್ತಡದ ಅಲೆಗಳ ಬೆನ್ನು ಹತ್ತಿದರು. ಕೊಳವೆಯನ್ನು ಮೊದಲು ಹಿಗ್ಗುವಂತೆ, ಬಳಿಕ ಕುಗ್ಗುವಂತೆ ರೂಪಿಸಿದರೆ, ಹೊರಹೋದ ಅಲೆ ಹಿಂದಿರುಗಿ ಬಂದು, ತಪ್ಪಿಸಿಕೊಂಡು ಹೋಗುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ನೂಕುತ್ತದೆ. 1961ರ ಹೊತ್ತಿಗೆ ಅವರ 125 ಸಿ.ಸಿ.ಯ ಪಂದ್ಯದ ಎಂಜಿನ್ನು 25 ಅಶ್ವಶಕ್ತಿ ಕೊಡುತ್ತಿತ್ತು. ಆ ವರ್ಷ ಸವಾರ ಎರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ಪಶ್ಚಿಮಕ್ಕೆ ಪಲಾಯನ ಮಾಡಿ, ಆ ವಿದ್ಯೆಯನ್ನು ಜಪಾನಿನ ಸುಜುಕಿ ಕಂಪೆನಿಗೆ ಒಯ್ದರು. ಮರುವರ್ಷವೇ ಸುಜುಕಿಗೆ 50 ಸಿ.ಸಿ. ವಿಭಾಗದ ವಿಶ್ವ ಪ್ರಶಸ್ತಿ ಬಂದಿತು. ಹೀಗೆ ಗಡಿ ದಾಟಿದ ಜ್ಞಾನ ಕ್ರಮೇಣ ಎಲ್ಲರದಾಯಿತು. ಸ್ಕೂಟರಿನ ಹೊಟ್ಟೆಯಡಿಗೂ ಆ ಉಬ್ಬುಗೊಳವೆ ಬಂದು ಸೇರಿತು.

ಮುಂದಿನ ಹಂತದಲ್ಲಿ ಈ ವಿದ್ಯೆ ಪೆಟ್ಟಿಗೆಯೊಳಗೆ ಕುಳಿತಿತು. ಅದೇ ಕಿಟ್. ಇಟಲಿಯ ಪೊಲೀನಿ, ಮಲೊಸ್ಸಿ, ಪಿನಾಸ್ಕೊ ಕಂಪೆನಿಗಳ ಹೆಸರು ವೆಸ್ಪಾ ಪ್ರಿಯರಿಗೆ ಮನೆಮಾತು. ವೆಸ್ಪಾದ ಓಟದ ಉದ್ದ 57 ಮಿಲಿಮೀಟರು. 63 ವ್ಯಾಸದ ಸಿಲಿಂಡರನ್ನು ಕೂಡಿಸಿದರೆ 125 ಅಥವಾ 150ರ ಗಾಡಿ 177 ಸಿ.ಸಿ. ಆಗುತ್ತದೆ, 68.5 ಆದರೆ 200ರ ಗಾಡಿ 210 ಆಗುತ್ತದೆ. ಲ್ಯಾಂಬ್ರೆಟ್ಟಾಕ್ಕೆ 1980ರ ದಶಕದಲ್ಲಿ ಇಂಗ್ಲೆಂಡಿನ ಟೆರ್ರಿ ಶೆಫರ್ಡ್ ರೂಪಿಸಿದ ಟಿ.ಎಸ್.1 ಎಂಬ ಅಲ್ಯೂಮಿನಿಯಂ ಸಿಲಿಂಡರು, 70ರ ವ್ಯಾಸದಿಂದ ಅದನ್ನು 225ರ ಗಾಡಿಯಾಗಿಸಿತು. ನುರಿತ ಕೈಗೆ ವರ್ಷಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಅನನುಭವಿಯೂ ಒಂದು ಭಾನುವಾರದಲ್ಲಿ ಮುಗಿಸಬಹುದೆಂಬ ಭ್ರಮೆ ಹುಟ್ಟಿದ್ದು ಆಗಲೇ. ಪೆಟ್ಟಿಗೆಯಲ್ಲಿ ಸಿಲಿಂಡರು, ಪಿಸ್ಟನ್ನು, ಹೆಡ್ಡು ಎಲ್ಲವೂ ಬಂದವು. ವಿವೇಕವನ್ನು ಮಾತ್ರ ಕೊಂಡವನೇ ಕೂಡಿಸಿಕೊಳ್ಳಬೇಕಾಯಿತು.

ಆ ವಿವೇಕದ ಮೊದಲ ಪಾಠ ಆಯ್ಕೆಯದು. ಹೊರಗಂಡಿ ತಗ್ಗಾಗಿರುವ ಸಿಲಿಂಡರು ದೂರ ಪ್ರಯಾಣಕ್ಕೂ ದಿಣ್ಣೆಗೂ ಒಳ್ಳೆಯದು. ಎತ್ತರವಾಗಿರುವುದು ಪಂದ್ಯದ ಅಂಗಳಕ್ಕೆ. ಬೀಡು ಕಬ್ಬಿಣದ್ದು ಅಗ್ಗ, ಸವೆದರೆ ಮತ್ತೆ ಬೋರ್ ಮಾಡಿಸಬಹುದು. ಅಲ್ಯೂಮಿನಿಯಂ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಆದರೆ ದುಬಾರಿ. ಎರಡನೆಯ ಪಾಠ ಹೊಂದಾಣಿಕೆಯದು. ಕಾರ್ಬುರೇಟರಿನ ಜೆಟ್ಟು ಮೊದಲಿನಷ್ಟೇ ಸಣ್ಣದಾಗಿ ಉಳಿದರೆ ಪೆಟ್ರೋಲು ಸಾಲದಾಗುತ್ತದೆ. ಪೆಟ್ರೋಲಿನ ಜೊತೆಗೇ ಎಣ್ಣೆಯೂ ಬರುವ ಈ ಎಂಜಿನ್ನಿನಲ್ಲಿ ಅದು ಉರುವಲಿನ ಕೊರತೆಯಷ್ಟೇ ಅಲ್ಲ, ಜಿಡ್ಡಿನ ಕೊರತೆಯೂ ಹೌದು. ಕಿಡಿ ಹಾರುವ ಸಮಯವನ್ನು, ಮೊದಲು 23 ಡಿಗ್ರಿಯಷ್ಟಿದ್ದರೆ, 18ರ ಆಸುಪಾಸಿಗೆ ತಡಮಾಡಬೇಕಾಗುತ್ತದೆ. ಪಿಸ್ಟನ್ನಿನ ನೆತ್ತಿಗೂ ಹೆಡ್ಡಿಗೂ ನಡುವೆ ಉಳಿಯುವ ಮಿಲಿಮೀಟರಿನ ಎಡೆಯನ್ನು ಅಳೆಯುವ ಉಪಾಯ ಸೊಗಸಾದದ್ದು. ಪ್ಲಗ್ಗಿನ ತೂತಿನಿಂದ ಬೆಸುಗೆಯ ಮೆದು ತಂತಿಯನ್ನು ಸಿಲಿಂಡರಿನ ಗೋಡೆ ಮುಟ್ಟುವಂತೆ ಇಳಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಜಜ್ಜಿಹೋದ ತಂತಿಯ ದಪ್ಪವನ್ನು ನೋಡುತ್ತಾರೆ. ಕೊನೆಗೆ ಪ್ಲಗ್ಗನ್ನು ಬಿಚ್ಚಿ ಬಣ್ಣ ನೋಡುವುದು. ಕಾಫಿಯ ಬಣ್ಣವಾದರೆ ಕ್ಷೇಮ, ಬೆಳ್ಳಗಿದ್ದರೆ ಅಪಾಯ.

ಅಪಾಯವೆಂಬುದು ಬಾಯಿಮಾತಲ್ಲ. ಕಾವಿಗೆ ಹಿಗ್ಗಿದ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡರೆ, ನಮ್ಮ ಮೆಕ್ಯಾನಿಕರ ಮಾತಿನಲ್ಲಿ ಎಂಜಿನ್ ಸೀಜ್ ಆದರೆ, ಹಿಂದಿನ ಚಕ್ರವೂ ಆ ಕ್ಷಣವೇ ನಿಂತುಬಿಡುತ್ತದೆ. ನುರಿತ ಸವಾರರು ವೇಗದಲ್ಲಿ ಹೋಗುವಾಗ ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟಿರುತ್ತಾರೆ. ಎಂಜಿನ್ನನ್ನು ತಾವೇ ಶ್ರುತಿ ಮಾಡಿದ್ದರೂ ಅದು ತಪ್ಪಬಹುದೆಂಬ ವಿನಯ ಆ ಎರಡು ಬೆರಳುಗಳಲ್ಲಿದೆ.

ಈ ಚರಿತ್ರೆಗೂ ನಮಗೂ ನಂಟಿದೆ. 1971ರಲ್ಲಿ ಇನ್ನೊಚೆಂಟಿ ಕಂಪೆನಿ ಲ್ಯಾಂಬ್ರೆಟ್ಟಾವನ್ನು ಕೈಬಿಟ್ಟಾಗ ಅದರ ಯಂತ್ರಗಳನ್ನು ಕೊಂಡು ತಂದದ್ದು ಲಖನೌದಲ್ಲಿ 1972ರಲ್ಲಿ ಸ್ಥಾಪಿತವಾದ ಸ್ಕೂಟರ್ಸ್ ಇಂಡಿಯಾ ಸಂಸ್ಥೆ. ಇಟಲಿಯಲ್ಲಿ ತಯಾರಿಕೆ ನಿಂತ ಮೇಲೂ ಲಖನೌದ ಗಾಡಿಗಳು ಇಂಗ್ಲೆಂಡಿಗೆ ಹೋದವು. ಅಲ್ಲಿನ ಹವ್ಯಾಸ ಬದುಕಿ ಉಳಿದುದರಲ್ಲಿ ನಮ್ಮ ಕಾರ್ಮಿಕರ ಕೈಯೂ ಇದೆ. ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನ 2021ರಲ್ಲಿ ಆಯಿತು. ವೆಸ್ಪಾದ ವಂಶದಲ್ಲಿ 1972ರಲ್ಲಿ ಬಂದ ನಮ್ಮ ಬಜಾಜ್ ಚೇತಕ್‌ನ ಉದ್ದ, ವ್ಯಾಸ ಎರಡೂ 57 ಮಿಲಿಮೀಟರು. ಅದನ್ನು ನಾವೂ ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸಿದ್ದೇವೆ, ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದೇವೆ. ಅಲ್ಲಿಯವರು ಬಲಕ್ಕಾಗಿ ಮಾಡಿದ ಕೆಲಸವನ್ನು ನಾವು ಸವೆತಕ್ಕಾಗಿ ಮಾಡಿಸಿದೆವು. ಬಾಳಿನ ಅಗತ್ಯ ಬೇರೆ, ಕೈಚಳಕ ಒಂದೇ. ಇಂದು ಹಳೆಯ ಗಾಡಿಗಳನ್ನು ಅಕ್ಕರೆಯಿಂದ ಜೀರ್ಣೋದ್ಧಾರ ಮಾಡುವ ನಮ್ಮ ತರುಣರಿಗೂ ಕಿಟ್ಟುಗಳ ಮೋಹ ತಗುಲಿದರೆ ಅಚ್ಚರಿಯಿಲ್ಲ. ಅವರು ಮೊದಲು ನೆನೆಯಬೇಕಾದದ್ದು 1988ರ ಮೋಟಾರು ವಾಹನಗಳ ಕಾಯ್ದೆಯನ್ನು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದರ 52ನೆಯ ಕಲಂ ನಿರ್ಬಂಧಿಸುತ್ತದೆ. ಎರಡನೆಯದಾಗಿ, ಹಳೆಯ ಗಾಡಿಯ ಡ್ರಮ್ ಬ್ರೇಕು, ಸಣ್ಣ ಚಕ್ರ, ಗಿಯರಿನ ಪ್ರಮಾಣ ಇವೆಲ್ಲ ಹಳೆಯ ಬಲಕ್ಕೆ ಹೊಂದಿಸಿದವುಗಳು.

ತಂಬೂರಿಯ ಒಂದು ತಂತಿಯನ್ನು ಮಾತ್ರ ಏರಿಸಿದರೆ ನಾದ ಹೆಚ್ಚುವುದಿಲ್ಲ, ಅಪಶ್ರುತಿಯಾಗುತ್ತದೆ. ಏರಿಸುವುದಾದರೆ ಎಲ್ಲವನ್ನೂ ಕೂಡಿಸಿ ಏರಿಸಬೇಕು. ಬುರುಡೆ ತಾಳುವಷ್ಟೇ ಏರಿಸಬೇಕು. ಸಿಲಿಂಡರು ಮಾರುವವರ ಜಾಹೀರಾತು ಅಶ್ವಶಕ್ತಿಯ ಲೆಕ್ಕವನ್ನಷ್ಟೇ ಹೇಳೀತು. ಎಪ್ಪತ್ತು ವರ್ಷಗಳ ಈ ಕಸುಬಿನಲ್ಲಿ ಬಾಳಿಕೆ ಬಂದ ಎಂಜಿನ್ನುಗಳೆಲ್ಲ, ತಾಳಿಕೆಯ ಲೆಕ್ಕವನ್ನು ಮೊದಲು ಹಾಕಿದವರ ಕೈಯಿಂದ ಬಂದವು.