ಎಣ್ಣೆ ಬಂದಾಗ ಕಣ್ಣು

2006ರ ಮೇ 30ರಂದು ಕಾರವಾರದ ಎದುರಿನ ಸಮುದ್ರದಲ್ಲಿ ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಬಂಡೆಗಳ ಮೇಲೆ ಸಿಕ್ಕಿಬಿತ್ತು. ಕಾರವಾರದ ದಂಡೆಯಲ್ಲಿ ನಿಂತು ದೇವಗಡ ದ್ವೀಪದ ದೀಪಸ್ತಂಭವನ್ನು ನೋಡಿದವರಿಗೆ ಆ ಜಾಗ ಗೊತ್ತಿರುತ್ತದೆ. ಮಳೆಗಾಲ ಆಗಷ್ಟೇ ಕಾಲಿಟ್ಟಿತ್ತು. ಅಲೆಗಳ ಹೊಡೆತಕ್ಕೆ ಹಡಗು ಒಡೆದು, ಸುಮಾರು 650 ಟನ್ ಎಣ್ಣೆ ನೀರಿಗೆ ಸೇರಿತು. ಅದು ಗಡಿ ದಾಟಿ ದಕ್ಷಿಣ ಗೋವಾದ ಕಡಲತೀರಗಳ ಮರಳಿಗೂ ಮೆತ್ತಿಕೊಂಡಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಓಷನ್ ಸೆರಾಯಾ ತೈಲ ಸಾಗಿಸುವ ಟ್ಯಾಂಕರ್ ಆಗಿರಲಿಲ್ಲ. ಚೆಲ್ಲಿದ್ದು ಹಡಗಿನ ಸ್ವಂತ ಇಂಧನ. ತೈಲ ಸೋರಿಕೆ ಎಂದರೆ ನಮಗೆ ದೈತ್ಯ ಟ್ಯಾಂಕರ್‌ಗಳೇ ನೆನಪಾಗುತ್ತವೆ. ಆದರೆ ಅದಿರು, ಉಕ್ಕು, ಕಂಟೇನರ್ ಏನೇ ಹೊತ್ತಿರಲಿ, ಪ್ರತಿ ದೊಡ್ಡ ಹಡಗಿನ ಹೊಟ್ಟೆಯಲ್ಲೂ ನೂರಾರು ಟನ್ ಇಂಧನ ಇದ್ದೇ ಇರುತ್ತದೆ.

ಕರಾವಳಿಯ ಇತ್ತೀಚಿನ ಚರಿತ್ರೆಯನ್ನು ತಿರುವಿದರೆ ಒಂದು ನಮೂನೆ ಕಾಣುತ್ತದೆ. 2007ರ ಜೂನ್‌ನಲ್ಲಿ ಮಂಗಳೂರಿನ ತಣ್ಣೀರುಬಾವಿ ಬಳಿ ‘ಡೆನ್ ಡೆನ್’ ಅವಘಡಕ್ಕೀಡಾಯಿತು. 2009ರ ಜುಲೈನಲ್ಲಿ ಕಬ್ಬಿಣದ ಅದಿರು ಹೊತ್ತ ‘ಏಷ್ಯನ್ ಫಾರೆಸ್ಟ್’ ಮಂಗಳೂರಿನಾಚೆ ಮುಳುಗಿತು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿಗಳನ್ನು ತುಂಬಿಕೊಂಡಿದ್ದ ‘ಪ್ರಿನ್ಸೆಸ್ ಮಿರಾಲ್’, ಸುಮಾರು 220 ಟನ್ ಇಂಧನದ ಸಮೇತ ಉಳ್ಳಾಲದ ಹತ್ತಿರ ನೆಲಕಚ್ಚಿತು. ಅದರಲ್ಲಿದ್ದ 15 ಮಂದಿ ಸಿರಿಯನ್ನರನ್ನು ಕೋಸ್ಟ್ ಗಾರ್ಡ್ ರಕ್ಷಿಸಿತು. 2025ರ ಮೇ 25ರಂದು ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ ಅದರ ಟ್ಯಾಂಕುಗಳಲ್ಲಿ 367 ಟನ್ ಫರ್ನೇಸ್ ಆಯಿಲ್ ಮತ್ತು 84 ಟನ್ ಡೀಸೆಲ್ ಇತ್ತು. ಎಲ್ಲವೂ ಮೇ ಕೊನೆಯಿಂದ ಜುಲೈವರೆಗಿನ ಅವಧಿಯವು. ಯಾಂತ್ರೀಕೃತ ದೋಣಿಗಳಿಗೆ ಸಮುದ್ರ ಮುಚ್ಚುವ ಕಾಲವೂ ಅದೇ. ಆಗ ದಡದ ಹತ್ತಿರ ಬಲೆ ಬೀಸುವವು ನಾಡದೋಣಿಗಳು ಮಾತ್ರ. ಎಣ್ಣೆ ಬಂದು ಸೇರುವುದೂ ಅಲ್ಲಿಗೇ.

ಹಾಗಾದರೆ ಚೆಲ್ಲಿದ ಎಣ್ಣೆಯನ್ನು ಯಂತ್ರಗಳೇ ಹೋಗಿ ಬಾಚಿಕೊಂಡು ಬರಬಾರದೇ? ಮನೆಯಲ್ಲಿ ಕಸ ಗುಡಿಸುವ ರೋಬಾಟ್ ಇಟ್ಟುಕೊಂಡಿರುವ ನಮ್ಮಂಥವರಿಗೆ ಈ ಪ್ರಶ್ನೆ ಸಹಜ. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ.

1967ರ ಮಾರ್ಚ್ 18ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ‘ಟೋರಿ ಕ್ಯಾನಿಯನ್’ ಟ್ಯಾಂಕರ್ ಬಂಡೆಗೆ ಬಡಿದು, ಒಂದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಚೆಲ್ಲಿತು. ಇಷ್ಟು ದೊಡ್ಡ ಸೋರಿಕೆಗೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಎಣ್ಣೆ ಉರಿದುಹೋಗಲಿ ಎಂದು ವಿಮಾನಗಳಿಂದ ಬಾಂಬು ಹಾಕಿದರು. ಸುಮಾರು ಹತ್ತು ಸಾವಿರ ಟನ್ ಡಿಟರ್ಜೆಂಟ್ ಸುರಿದರು. ಆ ರಾಸಾಯನಿಕ ಎಣ್ಣೆಗಿಂತ ಹೆಚ್ಚು ವಿಷವಾಯಿತು. ಮುಟ್ಟದೆ ಬಿಟ್ಟ ಬಂಡೆಗಳಲ್ಲಿ ಜೀವ ಎರಡು ಮೂರು ವರ್ಷಕ್ಕೆ ಮರಳಿತು. ಡಿಟರ್ಜೆಂಟ್ ಧಾರಾಳವಾಗಿ ಸುರಿದ ಬಂಡೆಗಳು ಚೇತರಿಸಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1989ರಲ್ಲಿ ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಜ್’ ಸುಮಾರು ನಾಲ್ಕು ಕೋಟಿ ಲೀಟರ್ ಚೆಲ್ಲಿದಾಗ, ಕಲ್ಲುಗಳನ್ನು ಬಿಸಿನೀರಿನ ಪಿಚಕಾರಿಯಿಂದ ತೊಳೆದರು. ಎಣ್ಣೆಯಿಂದ ಪಾರಾಗಿದ್ದ ಸಣ್ಣ ಜೀವಿಗಳು ಬಿಸಿನೀರಿಗೆ ಬೆಂದವು.

ರೋಬಾಟ್ ಈ ಕಥೆಗೆ ದೊಡ್ಡ ಸುದ್ದಿಯಾಗಿ ಬಂದದ್ದು 2010ರಲ್ಲಿ. ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಸ್ಫೋಟಗೊಂಡು 11 ಮಂದಿ ಸತ್ತರು. ಸುಮಾರು 1,500 ಮೀಟರ್ ಆಳದ ಸಮುದ್ರತಳದಲ್ಲಿದ್ದ ಬಾವಿಯಿಂದ 87 ದಿನ ಎಣ್ಣೆ ಉಕ್ಕಿತು. ಅದೇ ಆಗಸ್ಟ್‌ನಲ್ಲಿ ಎಂಐಟಿಯ ಸಂಶೋಧಕರು ‘ಸೀಸ್ವಾರ್ಮ್’ ಎಂಬ ಯಂತ್ರವನ್ನು ಜಗತ್ತಿಗೆ ತೋರಿಸಿದರು. ತೇಲುವ ಪುಟ್ಟ ತಲೆ, ಅದರ ಹಿಂದೆ ಸುತ್ತುತ್ತಲೇ ಇರುವ ಉದ್ದನೆಯ ಪಟ್ಟಿ. ಪಟ್ಟಿಯ ಮೇಲಿನ ನ್ಯಾನೊ ಎಳೆಗಳ ಜಾಲ ನೀರನ್ನು ಬಿಟ್ಟು ತನ್ನ ತೂಕದ 20 ಪಟ್ಟು ಎಣ್ಣೆಯನ್ನಷ್ಟೇ ಹೀರಬಲ್ಲದು; ಓಡಲು ಸೌರಶಕ್ತಿ ಸಾಕು. ಇಂಥ 5,000 ಯಂತ್ರಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಾ ಹೋದರೆ ಇಡೀ ಕೊಲ್ಲಿಯನ್ನು ಒಂದು ತಿಂಗಳಲ್ಲಿ ಶುಚಿ ಮಾಡಬಲ್ಲವು ಎಂಬುದು ಅವರ ಅಂದಾಜು. ಸುಮಾರು ಅದೇ ಹೊತ್ತಿಗೆ ಸೀಸರ್ ಹರಾಡಾ ಎಂಬವರು ‘ಪ್ರೊಟೀ’ ಎಂಬ ಹಾಯಿ ರೋಬಾಟ್ ಕಟ್ಟಲು ಹೊರಟು, ಅದರ ವಿನ್ಯಾಸವನ್ನು ಯಾರು ಬೇಕಾದರೂ ಬಳಸಲೆಂದು ಮುಕ್ತವಾಗಿಟ್ಟರು.

ಸೀಸ್ವಾರ್ಮ್‌ನ ಮಾದರಿಯನ್ನು ಪರೀಕ್ಷಿಸಿದ್ದು ಬಾಸ್ಟನ್ನಿನ ಚಾರ್ಲ್ಸ್ ನದಿಯಲ್ಲಿ. ಆ 5,000 ಯಂತ್ರಗಳ ಪಡೆ ಹುಟ್ಟಲೇ ಇಲ್ಲ. ಡೆಮೋ ಮತ್ತು ಪ್ರೊಡಕ್ಷನ್ ನಡುವಿನ ಅಂತರ ನಮ್ಮ ಓದುಗರಲ್ಲಿ ಹಲವರಿಗೆ ವಿವರಿಸಬೇಕಿಲ್ಲ. ಆದರೆ ಇಲ್ಲಿ ಅಡ್ಡಿ ಹಣದ್ದು ಮಾತ್ರವಲ್ಲ. ಹಡಗಿನ ಇಂಧನವಾದ ಫರ್ನೇಸ್ ಆಯಿಲ್ ಡಾಂಬರಿನ ತಮ್ಮನಂತೆ ಗಟ್ಟಿ. ಅಲೆಗಳು ಕಡೆದಾಗ ಅದು ನೀರನ್ನು ಒಳಗೆಳೆದುಕೊಂಡು ಕಂದು ಬಣ್ಣದ ಲೇಹದಂತಾಗಿ, ಗಾತ್ರದಲ್ಲಿ ಮೂರು ನಾಲ್ಕು ಪಟ್ಟು ಉಬ್ಬುತ್ತದೆ. ಹೀರುವ ಜಾಲಕ್ಕೆ ಅದು ಅಂಟುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಎತ್ತಿದ್ದನ್ನು ಇಟ್ಟುಕೊಳ್ಳಲು ಪುಟ್ಟ ಯಂತ್ರದಲ್ಲಿ ಜಾಗವೂ ಇಲ್ಲ. ಇನ್ನು ಎಣ್ಣೆಯನ್ನು ಸುತ್ತುಗಟ್ಟುವ ತೇಲುಬೇಲಿಗಳು, ಅಂದರೆ ಬೂಮ್‌ಗಳು, ಅಡ್ಡಲಾಗಿ ಬರುವ ಹರಿವು 0.7 ನಾಟ್ ದಾಟಿದರೆ ಎಣ್ಣೆಯನ್ನು ಅಡಿಯಿಂದ ಬಿಟ್ಟುಕೊಡುತ್ತವೆ. ಅದು ಮನುಷ್ಯ ನಿಧಾನವಾಗಿ ನಡೆಯುವುದಕ್ಕಿಂತಲೂ ಕಡಿಮೆ ವೇಗ. ಜೂನ್ ತಿಂಗಳ ಅರಬ್ಬಿ ಸಮುದ್ರದಲ್ಲಿ ಎಣ್ಣೆ ಬಾಚುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೆಕ್ಸಿಕೊ ಕೊಲ್ಲಿಯ ಎಣ್ಣೆ ಎಲ್ಲಿಗೆ ಹೋಯಿತು ಎಂದು ಅಮೆರಿಕ ಸರ್ಕಾರ 2010ರ ಆಗಸ್ಟ್‌ನಲ್ಲಿ ಒಂದು ಲೆಕ್ಕ ಕೊಟ್ಟಿತು. ನೂರಾರು ದೋಣಿಗಳು ನೀರಿನ ಮೇಲಿನಿಂದ ಬಾಚಿದ್ದು ಶೇ. 3. ಸುಟ್ಟದ್ದು ಶೇ. 5. ಬಾವಿಯ ಬಾಯಲ್ಲೇ ಕೊಳವೆಯಿಟ್ಟು ಹಿಡಿದದ್ದು ಶೇ. 17. ಆ ಕತ್ತಲ ಆಳದಲ್ಲಿ ಕೊಳವೆ ಜೋಡಿಸಿ, ಕಡೆಗೆ ಬಾವಿಗೆ ಮುಚ್ಚಳ ಹಾಕಿದ್ದು ಹಡಗಿನಿಂದ ನಿಯಂತ್ರಿಸಿದ ನೀರೊಳಗಿನ ರೋಬಾಟ್‌ಗಳು. ಎಣ್ಣೆ ಹರಡುವ ಮೊದಲೇ ಹಿಡಿಯುವುದರಲ್ಲಿ ಯಂತ್ರ ಗೆದ್ದಿತು.

ಇನ್ನೊಂದು ಗೆಲುವಿನ ಬಗ್ಗೆ ಮಾತು ಕಡಿಮೆ. ಬಾವಿಯಿಂದ ದಿನಕ್ಕೆ ಸಾವಿರ ಬ್ಯಾರೆಲ್ ಸೋರುತ್ತಿದೆ ಎಂದು ಮೊದಲು ಹೇಳಿದರು. ಆಮೇಲೆ ಐದು ಸಾವಿರ ಎಂದರು. ನೀರೊಳಗಿನ ಕ್ಯಾಮೆರಾ ಚಿತ್ರಗಳನ್ನೂ ಇತರ ಅಳತೆಗಳನ್ನೂ ವಿಜ್ಞಾನಿಗಳು ಕೂಡಿಸಿ ನೋಡಿದಾಗ ಆರಂಭದ ಹರಿವು ದಿನಕ್ಕೆ ಸುಮಾರು 62,000 ಬ್ಯಾರೆಲ್ ಎಂದು ತಿಳಿಯಿತು. ಎಣ್ಣೆಯೆಲ್ಲ ಮೇಲೇ ಇದೆ, ಆಳದಲ್ಲಿ ಏನೂ ಇಲ್ಲ ಎಂಬ ವಾದ ಕಂಪನಿಯದಾಗಿತ್ತು. ಜೂನ್‌ನಲ್ಲಿ ‘ಸೆಂಟ್ರಿ’ ಎಂಬ ಸ್ವಯಂಚಾಲಿತ ಜಲಾಂತರ ವಾಹನ ಆಳದಲ್ಲಿ ಅತ್ತಿತ್ತ ಓಡಾಡಿ, ಸುಮಾರು 1,100 ಮೀಟರ್ ಕೆಳಗೆ 35 ಕಿಲೋಮೀಟರ್ ಉದ್ದದ ಹೈಡ್ರೋಕಾರ್ಬನ್ ಮೋಡವನ್ನು ಗುರುತಿಸಿ ನಕ್ಷೆ ಮಾಡಿತು. ಸೆಂಟ್ರಿ ಒಂದು ಹನಿಯನ್ನೂ ಎತ್ತಲಿಲ್ಲ. ಆದರೆ ಎಣ್ಣೆ ಇಲ್ಲ ಎನ್ನುವ ಮಾತಿಗೆ ಜಾಗ ಉಳಿಸಲಿಲ್ಲ.

‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು’ ಎಂಬ ಗಾದೆಯನ್ನು ನಾವು ಕೈತಪ್ಪಿದ ಅವಕಾಶಕ್ಕೆ ಬಳಸುತ್ತೇವೆ. ತೈಲ ಸೋರಿಕೆಗಳ ಚರಿತ್ರೆಯಲ್ಲಿ ಅದು ಅಕ್ಷರಶಃ ನಿಜ.

ನಮ್ಮ ದೇಶದಲ್ಲಿ ಸಮುದ್ರದ ತೈಲ ಸೋರಿಕೆಯ ಹೊಣೆ 1986ರಲ್ಲಿ ಕೋಸ್ಟ್ ಗಾರ್ಡ್‌ಗೆ ಬಂತು. 1993ರಲ್ಲಿ ರಾಷ್ಟ್ರೀಯ ಯೋಜನೆಯೊಂದು ಸಿದ್ಧವಾಯಿತು. ಅದರ ಪ್ರಕಾರ 700 ಟನ್‌ವರೆಗಿನ ಸೋರಿಕೆ ಮೊದಲ ಹಂತದ್ದು. ಅಷ್ಟನ್ನು ನಿಭಾಯಿಸುವ ಸಲಕರಣೆ ಬಂದರುಗಳಲ್ಲೇ ಇರಬೇಕು. ಕಾರವಾರದ 650 ಟನ್ ಕಾಗದದ ಲೆಕ್ಕದಲ್ಲಿ ಚಿಕ್ಕದು! 2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಬಾಯಲ್ಲಿ ‘ಎಂಎಸ್‌ಸಿ ಚಿತ್ರಾ’ ಮತ್ತು ‘ಖಲೀಜಿಯಾ’ ಹಡಗುಗಳು ಡಿಕ್ಕಿಯಾಗಿ ಸುಮಾರು 800 ಟನ್ ಎಣ್ಣೆ ಚೆಲ್ಲಿತು. ಅದೇ ಅಕ್ಟೋಬರ್‌ನಲ್ಲಿ ದೇಶದ ಮೊದಲ ಮಾಲಿನ್ಯ ನಿಯಂತ್ರಣ ಹಡಗು ‘ಸಮುದ್ರ ಪ್ರಹರಿ’ ಸೇವೆಗೆ ಸೇರಿತು. ಚೆಲ್ಲಿದ ಎಣ್ಣೆ ಯಾವ ಕಡೆ ಸಾಗಬಹುದೆಂದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈಗ ಗಾಳಿ ಮತ್ತು ಪ್ರವಾಹಗಳ ಲೆಕ್ಕದಿಂದ ಮುನ್ಸೂಚನೆ ಕೊಡುತ್ತದೆ. ಆದರೆ ಯಾವ ಮಾದರಿಗೂ ಮೊದಲು ಬೇಕಾದದ್ದು ಸರಿಯಾದ ಇನ್‌ಪುಟ್: ಎಲ್ಲಿ, ಯಾವಾಗ, ಎಷ್ಟು.

ಆ ‘ಎಷ್ಟು’ ತಪ್ಪಿದರೆ ಏನಾಗುತ್ತದೆಂದು 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಕಂಡಿತು. ಎರಡು ಹಡಗುಗಳು ನಸುಕಿನಲ್ಲಿ ಡಿಕ್ಕಿಯಾದವು. ಪರಿಸರಕ್ಕೆ ಹಾನಿಯಿಲ್ಲ, ಸೋರಿಕೆ ಅತ್ಯಲ್ಪ ಎಂಬರ್ಥದ ಹೇಳಿಕೆಗಳು ಮೊದಲು ಹೊರಬಿದ್ದವು. ಕಪ್ಪು ಲೇಹ ದಡ ಸೇರಿದ ಮೇಲೆ ಹೀರುವ ಯಂತ್ರಗಳನ್ನು ತಂದರೆ ಅವು ಕಟ್ಟಿಕೊಂಡು ನಿಂತವು. ಕಡೆಗೆ ಮೀನುಗಾರರು, ವಿದ್ಯಾರ್ಥಿಗಳು, ಕೂಲಿಯವರು ಸಾಲಾಗಿ ನಿಂತು ಬಕೆಟ್ಟುಗಳಲ್ಲಿ ಮೊಗೆದರು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಎಣ್ಣೆ ಹರಿದು ಬಂದಾಗಲೂ, ಅದೇ ಎಣ್ಣೂರಿನ ಅಳಿವೆಯಲ್ಲಿ ಮೀನುಗಾರರು ದೋಣಿಯಲ್ಲಿ ಕೂತು ಮಗ್ಗುಗಳಿಂದ ತೋಡಿದರು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಸಾರ ಇಲ್ಲಿದೆ. ಮೇಲಿನವರು ಕಣ್ಣು ಮುಚ್ಚಿಕೊಂಡಷ್ಟು ಹೊತ್ತಿನ ಬೆಲೆಯನ್ನು ದಡದ ಕೈಗಳು ತೆರುತ್ತವೆ. ಕೈ ಅಗ್ಗ, ಕಣ್ಣು ದುಬಾರಿ ಎಂಬ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕೈಗಳ ಕೆಲಸವನ್ನು ರೋಬಾಟ್ ಕಸಿಯುತ್ತದೆ ಎಂದು ಚರ್ಚಿಸುವ ನಾವು, ಯಾರೂ ಮಾಡಬಾರದ ಈ ಕೆಲಸವನ್ನು ಅದು ಯಾಕೆ ಇನ್ನೂ ಕಸಿದಿಲ್ಲ ಎಂದು ಕೇಳುವುದಿಲ್ಲ.

ಈಗ ಪುಣೆಗೆ ಬರೋಣ. ಈ ಊರಿಗೆ ಸಮುದ್ರವಿಲ್ಲ, ಆದರೆ ಸಮುದ್ರದ ವಿದ್ಯೆ ಇದೆ. ಖಡಕ್‌ವಾಸ್ಲಾದಲ್ಲಿರುವ, 1916ರಲ್ಲಿ ಆರಂಭವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ದೇಶದ ಹಲವು ಬಂದರುಗಳ ಅಲೆ, ಹರಿವು, ಹೂಳಿನ ಅಧ್ಯಯನ ನಡೆದಿದೆ. ನವಮಂಗಳೂರು ಬಂದರು ಅವುಗಳಲ್ಲೊಂದು. ಪುಣೆಯಲ್ಲೇ ನೆಲೆಯಿರುವ ಸಾಗರ್ ಡಿಫೆನ್ಸ್ ಎಂಜಿನಿಯರಿಂಗ್ ಕಂಪನಿಯ ‘ಮಾತಂಗಿ’ ಎಂಬ ಸ್ವಯಂಚಾಲಿತ ದೋಣಿ 2024ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯಿಂದ ತೂತ್ತುಕುಡಿಗೆ ಸುಮಾರು 1,500 ಕಿಲೋಮೀಟರ್‌ಗಳ ಯಾನ ಹೊರಟಿತು. ನಮ್ಮ ಇಡೀ ಕರಾವಳಿ ಆ ದಾರಿಯಲ್ಲೇ ಬರುತ್ತದೆ. ಮಾತಂಗಿ ನೌಕಾಪಡೆಯ ಕಾವಲಿಗಾಗಿ ಹುಟ್ಟಿದ್ದು, ಎಣ್ಣೆಗಾಗಿ ಅಲ್ಲ. ಹೊರಟದ್ದೂ ಮಳೆಗಾಲ ಕಳೆದ ಮೇಲೆ. ಆದರೂ ಮನುಷ್ಯರಿಲ್ಲದ ದೋಣಿ ಕಾರವಾರದ ಮುಂದೆ ಹಾದುಹೋಗುವುದು ಈಗ ಕಲ್ಪನೆಯಲ್ಲ.

ಮುಂದಿನ ಕೆಲಸ ಏನೆಂದು ಹಿಂದಿನ ಚರಿತ್ರೆಯೇ ಹೇಳುತ್ತಿದೆ. ಎಣ್ಣೆ ಬಾಚುವ ಸಾವಿರ ಯಂತ್ರಗಳ ಕನಸಿಗಿಂತ, ಹಡಗು ವಾಲಿದ ಮೊದಲ ಗಂಟೆಗಳಲ್ಲೇ ಜೂನ್‌ನ ಅಲೆಗಳ ನಡುವೆ ಹೊರಟು, ಎಣ್ಣೆ ಎಲ್ಲಿ ಎಷ್ಟಿದೆ ಎಂದು ಅಳೆಯುವ ಒಂದೆರಡು ಯಂತ್ರಗಳು ಮೊದಲು ಬೇಕು. ಮುಳುಗಿದ ಹಡಗಿನ ಟ್ಯಾಂಕು ಒಡೆಯುವ ಮೊದಲೇ ಇಂಧನವನ್ನು ಹೊರತೆಗೆಯುವ ನೀರೊಳಗಿನ ಯಂತ್ರಗಳು ಆಮೇಲೆ ಬೇಕು. ಅಳೆದ ಅಂಕಿ ಕಂಪನಿಯ ಅಥವಾ ಬಂದರಿನ ಕಡತದಲ್ಲಿ ಕೂರದೆ, ಅಂದೇ ಉಳ್ಳಾಲ, ಮಲ್ಪೆ, ಕಾರವಾರದ ಮೀನುಗಾರರ ಫೋನಿಗೆ ಬರಬೇಕು. ನಾಡದೋಣಿಯವನು ಅಂದು ಬಲೆ ಬೀಸಬೇಕೋ ಬೇಡವೋ ಎಂದು ನಿರ್ಧರಿಸುವುದು ಆ ಅಂಕಿಯ ಮೇಲೆ. ಮುಂದೆ ಪರಿಹಾರ ಕೇಳುವಾಗ ಅವನ ಕೈಯಲ್ಲಿರುವ ಸಾಕ್ಷಿಯೂ ಅದೇ.