ಅಮೆರಿಕದ ಶಾಲೆಗಳಲ್ಲಿ ದ್ವಿಭಾಷಾ ಶಿಕ್ಷಣ

ಇಂಗ್ಲಿಷ್ ಬಾರದೆ ಶಾಲೆಗೆ ಸೇರುವ ಮಕ್ಕಳಿಗೆ ಅವರ ಮನೆಮಾತಿನಲ್ಲಿ ಪಾಠ ಹೇಳುತ್ತ, ಜೊತೆಜೊತೆಗೆ ಇಂಗ್ಲಿಷ್ ಕಲಿಸುವ ಪದ್ಧತಿಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದ್ವಿಭಾಷಾ ಶಿಕ್ಷಣ ಎನ್ನುತ್ತಾರೆ. 1960ರ ದಶಕದಲ್ಲಿ ಹುಟ್ಟಿದ ಪ್ರಯೋಗವೆಂದು ಇದನ್ನು ಹಲವರು ತಿಳಿದಿದ್ದರೂ ಇದರ ಇತಿಹಾಸ ಅದಕ್ಕಿಂತ ನೂರಿಪ್ಪತ್ತು ವರ್ಷ ಹಳೆಯದು. ಯಾವ ಭಾಷೆಗೆ ತರಗತಿಯಲ್ಲಿ ಜಾಗ ಕೊಡಬೇಕೆಂಬುದನ್ನು ಅಲ್ಲಿ ಮಕ್ಕಳ ಕಲಿಕೆಗಿಂತ ಆ ಭಾಷೆಯವರ ರಾಜಕೀಯ ಬಲ, ಯುದ್ಧ ಮತ್ತು ವಲಸೆಗಳೇ ಹೆಚ್ಚಾಗಿ ತೀರ್ಮಾನಿಸಿವೆ.

ಪೋಷಕರು ಬಯಸಿದರೆ ಸರ್ಕಾರಿ ಶಾಲೆಗಳಲ್ಲಿ ಜರ್ಮನ್ ಭಾಷೆಯಲ್ಲಿ ಕಲಿಸಲು ಓಹಾಯೋ ರಾಜ್ಯ 1839ರಲ್ಲಿ ಕಾನೂನು ಮಾಡಿತು. ಮರುವರ್ಷವೇ ಸಿನ್ಸಿನಾಟಿಯಲ್ಲಿ ಅಂಥ ತರಗತಿಗಳು ಶುರುವಾದವು. ಲೂಯಿಸಿಯಾನ 1847ರಲ್ಲಿ ಫ್ರೆಂಚ್ ಭಾಷೆಗೆ ಇದೇ ಅವಕಾಶ ಕೊಟ್ಟಿತು. ಜರ್ಮನ್ನರು ಸಂಖ್ಯೆಯಲ್ಲೂ ಮತದಲ್ಲೂ ಬಲಾಢ್ಯರಾಗಿದ್ದರಿಂದ ಅವರ ಮಾತಿಗೆ ಮನ್ನಣೆ ಸಿಕ್ಕಿತು. ಆ ಬಲವಿಲ್ಲದವರ ಪಾಡು ಬೇರೆಯೇ ಆಗಿತ್ತು. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ 1879ರಲ್ಲಿ ತೆರೆದ ವಸತಿಶಾಲೆಯಲ್ಲಿ ಮೂಲನಿವಾಸಿ ಮಕ್ಕಳು ತಮ್ಮ ಭಾಷೆ ಆಡಿದರೆ ಶಿಕ್ಷೆಯಾಗುತ್ತಿತ್ತು. ಹವಾಯಿಯಲ್ಲಿ 1896ರ ಕಾನೂನು ಇಂಗ್ಲಿಷನ್ನೇ ಕಲಿಕಾ ಮಾಧ್ಯಮವಾಗಿಸಿ ಸ್ಥಳೀಯ ಭಾಷೆಯನ್ನು ಶಾಲೆಯಿಂದ ಹೊರಗಿಟ್ಟಿತು.

ಮೊದಲ ಮಹಾಯುದ್ಧ ಜರ್ಮನ್ನರ ಸ್ಥಾನವನ್ನೂ ಕಿತ್ತುಕೊಂಡಿತು. ಎಂಟನೇ ತರಗತಿ ದಾಟದ ಮಕ್ಕಳಿಗೆ ಯಾವುದೇ ಆಧುನಿಕ ವಿದೇಶಿ ಭಾಷೆ ಕಲಿಸಬಾರದೆಂದು ನೆಬ್ರಾಸ್ಕ 1919ರಲ್ಲಿ ಕಾನೂನು ತಂದಿತು. ಹ್ಯಾಂಪ್ಟನ್ ಎಂಬಲ್ಲಿನ ಚರ್ಚ್ ಶಾಲೆಯ ಶಿಕ್ಷಕ ರಾಬರ್ಟ್ ಮೇಯರ್ ಹತ್ತು ವರ್ಷದ ಬಾಲಕನಿಗೆ ಬೈಬಲ್ ಕಥೆಗಳ ಪುಸ್ತಕದಿಂದ ಜರ್ಮನ್ ಓದು ಹೇಳಿಕೊಡುತ್ತಿದ್ದಾಗ ಸಿಕ್ಕಿಬಿದ್ದರು. 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಮೇಯರ್ ಪರ ತೀರ್ಪು ಕೊಟ್ಟು ಆ ಕಾನೂನನ್ನು ರದ್ದುಗೊಳಿಸಿತು. ಆದರೆ ಅಷ್ಟರಲ್ಲಿ ದೇಶದ ಬಹುತೇಕ ಕಡೆ ಜರ್ಮನ್ ತರಗತಿಗಳು ಮುಚ್ಚಿಹೋಗಿದ್ದವು.

ನಂತರದ ನಾಲ್ಕು ದಶಕ ಇಂಗ್ಲಿಷ್ ಬಾರದ ಮಗುವನ್ನು ಇಂಗ್ಲಿಷ್ ತರಗತಿಯಲ್ಲಿ ಕೂರಿಸಿ ಕೈತೊಳೆದುಕೊಳ್ಳುವುದೇ ವಾಡಿಕೆಯಾಯಿತು. ಟೆಕ್ಸಾಸ್‌ನಲ್ಲಿ ಆಟದ ಬಯಲಿನಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೂ ಮಕ್ಕಳು ಏಟು ತಿಂದರು. 1928ರಲ್ಲಿ ಅಲ್ಲಿನ ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡಮಕ್ಕಳಿಗೆ ಪಾಠ ಹೇಳಲು ಬಂದ ಯುವ ಶಿಕ್ಷಕ ಲಿಂಡನ್ ಜಾನ್ಸನ್ ಕೂಡ ಶಾಲೆಯ ಆವರಣದಲ್ಲಿ ಇಂಗ್ಲಿಷನ್ನೇ ಆಡಬೇಕೆಂದು ಕಟ್ಟುಮಾಡಿದ್ದರು. ನಲವತ್ತು ವರ್ಷದ ನಂತರ, ಅಧ್ಯಕ್ಷರಾಗಿ, ದ್ವಿಭಾಷಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದವರು ಇವರೇ.

ಆ ಕಾಯ್ದೆಗೆ ಮುನ್ನ ದಾರಿ ತೋರಿದ್ದು ಮಯಾಮಿಯ ಕೋರಲ್ ವೇ ಪ್ರಾಥಮಿಕ ಶಾಲೆ. ಕ್ಯೂಬಾದಲ್ಲಿ ಕ್ರಾಂತಿಯಾದ ಮೇಲೆ ನಿರಾಶ್ರಿತರು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿದಿದ್ದರು. ಅವರಲ್ಲಿ ಅನುಭವಿ ಶಿಕ್ಷಕರೂ ಇದ್ದರು. ಫೋರ್ಡ್ ಫೌಂಡೇಶನ್ ನೆರವಿನಿಂದ 1963ರಲ್ಲಿ ಇಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ದಿನದ ಅರ್ಧ ಭಾಗ ಮಕ್ಕಳು ತಮ್ಮ ಭಾಷೆಯಲ್ಲಿ ಪಾಠ ಕೇಳುತ್ತಿದ್ದರು, ಉಳಿದರ್ಧ ಅದೇ ವಿಷಯವನ್ನು ಇನ್ನೊಂದು ಭಾಷೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಸಂಗೀತ, ಚಿತ್ರಕಲೆ, ಆಟಗಳಿಗೆ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಮನೆಮಾತಿನ ಎರಡೂ ಗುಂಪು ಒಂದಾಗುತ್ತಿತ್ತು. ಇಂಗ್ಲಿಷ್ ಮನೆಯ ಮಕ್ಕಳೂ ಸ್ಪ್ಯಾನಿಷ್ ಕಲಿಯುತ್ತಿದ್ದರೆಂಬುದೇ ಇದರ ಹೆಚ್ಚುಗಾರಿಕೆ. ವಲಸೆ ಮಕ್ಕಳ ಮಾತು ಇಲ್ಲಿ ತಿದ್ದಬೇಕಾದ ಕೊರತೆಯಾಗಿರಲಿಲ್ಲ. ಎಲ್ಲರೂ ಕಲಿಯಬೇಕಾದ ವಿದ್ಯೆಯಾಗಿತ್ತು.

ಟೆಕ್ಸಾಸ್‌ನ ಸೆನೆಟರ್ ರಾಲ್ಫ್ ಯಾರ್ಬರೋ ಮುಂದಿಟ್ಟ ಮಸೂದೆ 1968ರ ಜನವರಿ 2ರಂದು ಕಾನೂನಾಯಿತು. ಅದು ಕಡ್ಡಾಯವಲ್ಲ, ಬಡ ಕುಟುಂಬಗಳ ಮಕ್ಕಳಿಗಾಗಿ ಕಾರ್ಯಕ್ರಮ ನಡೆಸಲು ಮುಂದೆ ಬಂದ ಶಾಲೆಗಳಿಗೆ ಅನುದಾನ ಕೊಡುವ ಕಾಯ್ದೆ. ಮನೆಮಾತನ್ನು ಕೊನೆತನಕ ಉಳಿಸಿ ಬೆಳೆಸಬೇಕೋ, ಇಂಗ್ಲಿಷ್ ಬರುವವರೆಗೆ ಬಳಸಿ ಬಿಡಬೇಕೋ ಎಂಬುದನ್ನು ಅದು ಇತ್ಯರ್ಥಪಡಿಸಲಿಲ್ಲ. ಮುಂದಿನ ಬಹುಪಾಲು ಜಗಳಗಳಿಗೆ ಈ ಅಸ್ಪಷ್ಟತೆಯೇ ಮೂಲ. 1971ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯವಾದ ಮ್ಯಾಸಚೂಸೆಟ್ಸ್ ಎರಡನೆಯ ದಾರಿಯನ್ನು ಆರಿಸಿಕೊಂಡಿತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳಿಗೆ ಯಾವ ವಿಶೇಷ ನೆರವೂ ಸಿಗುತ್ತಿರಲಿಲ್ಲ. ಅವರ ಪರವಾಗಿ ಹೂಡಿದ ‘ಲಾವ್ ವಿರುದ್ಧ ನಿಕೋಲ್ಸ್’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಒಮ್ಮತದ ತೀರ್ಪಿತ್ತಿತು. ಎಲ್ಲರಿಗೂ ಅದೇ ಪುಸ್ತಕ, ಅದೇ ಶಿಕ್ಷಕರನ್ನು ಒದಗಿಸಿದ ಮಾತ್ರಕ್ಕೆ ಸಮಾನತೆ ಸಾಧಿಸಿದಂತಾಗದು ಎಂಬುದು ಅದರ ತಿರುಳು. ಆದರೆ ನೆರವು ಯಾವ ಬಗೆಯದಿರಬೇಕೆಂದು ನ್ಯಾಯಾಲಯ ಹೇಳಲಿಲ್ಲ. ಮನೆಮಾತಿನ ಪಾಠ ಅಮೆರಿಕದಲ್ಲಿ ಸಾಂವಿಧಾನಿಕ ಹಕ್ಕಾಗದೇ ಉಳಿಯಿತು.

ಹಕ್ಕಾಗದ್ದನ್ನು ಮತಪೆಟ್ಟಿಗೆ ಕಿತ್ತುಕೊಳ್ಳುವುದು ಕಷ್ಟವಾಗಲಿಲ್ಲ. ಸಾಫ್ಟ್‌ವೇರ್ ಉದ್ಯಮಿ ರಾನ್ ಉನ್ಜ್ ಮುಂದಾಳತ್ವದ ‘ಪ್ರಸ್ತಾವ 227’ಕ್ಕೆ 1998ರಲ್ಲಿ ಕ್ಯಾಲಿಫೋರ್ನಿಯಾದ ಶೇ. 61ರಷ್ಟು ಮತದಾರರು ಒಪ್ಪಿಗೆ ಕೊಟ್ಟರು. ಸಾಮಾನ್ಯವಾಗಿ ಒಂದು ವರ್ಷ ಮೀರದಂತೆ ಇಂಗ್ಲಿಷಿನಲ್ಲೇ ತರಬೇತಿ ಕೊಟ್ಟು ಮಕ್ಕಳನ್ನು ಮಾಮೂಲಿ ತರಗತಿಗೆ ಕಳಿಸಬೇಕೆಂಬುದು ಅದರ ನಿಯಮ. ಮಕ್ಕಳು ಹಿಂದುಳಿದ ದೂರನ್ನೆಲ್ಲ ದ್ವಿಭಾಷಾ ಪದ್ಧತಿಯ ತಲೆಗೆ ಕಟ್ಟಲಾಯಿತು. ಆದರೆ ಆ ರಾಜ್ಯದ ಇಂಗ್ಲಿಷ್ ಕಲಿಕಾರ್ಥಿಗಳಲ್ಲಿ ದ್ವಿಭಾಷಾ ತರಗತಿಗಳಲ್ಲಿದ್ದವರೇ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಪಾಠ ಅರ್ಥಮಾಡಿಕೊಳ್ಳುವ ಮಟ್ಟದ ಇಂಗ್ಲಿಷ್ ದಕ್ಕಲು ನಾಲ್ಕರಿಂದ ಏಳು ವರ್ಷ ಬೇಕೆಂದು ಸ್ಟ್ಯಾನ್‌ಫರ್ಡ್‌ನ ಕೆಂಜಿ ಹಕುಟ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಅದೇ ವರ್ಷ ಅರಿಜೋನ, 2002ರಲ್ಲಿ ಮ್ಯಾಸಚೂಸೆಟ್ಸ್ ಕ್ಯಾಲಿಫೋರ್ನಿಯಾದ ಹಾದಿ ಹಿಡಿದವು. 2002ರಲ್ಲೇ ಹೊಸ ಶಿಕ್ಷಣ ಕಾಯ್ದೆಯೊಂದಿಗೆ 1968ರ ಕಾಯ್ದೆಯೂ ಕೊನೆಗೊಂಡಿತು.

2016ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸುಮಾರು ಶೇ. 73ರ ಬಹುಮತದಿಂದ 227ರ ನಿರ್ಬಂಧಗಳನ್ನು ತೆಗೆದುಹಾಕಿದರು. ಮರುವರ್ಷ ಮ್ಯಾಸಚೂಸೆಟ್ಸ್ ಕೂಡ ಹಿಂದೆ ಸರಿಯಿತು. ಕೋರಲ್ ವೇ ಮಾದರಿಯ ಉಭಯಭಾಷಾ ಶಾಲೆಗಳಿಗೆ ಈಗ ಇಂಗ್ಲಿಷ್ ಮನೆಗಳಿಂದಲೂ ಬೇಡಿಕೆಯಿದೆ. ಹದಿನೆಂಟು ವರ್ಷ ತರಗತಿಗಳು ಕುಗ್ಗಿದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ ದ್ವಿಭಾಷಾ ಶಿಕ್ಷಕರ ತರಬೇತಿಯೂ ಸೊರಗಿತ್ತು. ಕಾನೂನು ಅನುಮತಿ ಕೊಟ್ಟ ಮೇಲೆ ಅನೇಕ ಶಾಲೆಗಳಿಗೆ ಎದುರಾದದ್ದು ಕಲಿಸುವವರ ಕೊರತೆ.