72 ಗಂಟೆಯ ಮಾತ್ರೆ, ಯಾರ ಜೇಬಿನ ಖರ್ಚು?

ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಮೈಸೂರು ಸಂಸ್ಥಾನ ಆದೇಶ ಹೊರಡಿಸಿದ್ದು 1930ರಲ್ಲಿ. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎಂಬ ಹೆಸರು ಅದಕ್ಕಿದೆ. ನಮ್ಮ ಉಡುಪಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಆ ಆದೇಶ ಇಲ್ಲಿಗೆ ಅನ್ವಯಿಸಲಿಲ್ಲ; ರಾಷ್ಟ್ರೀಯ ಕುಟುಂಬ ಯೋಜನೆ ಬಂದದ್ದು 1952ರಲ್ಲಿ. ಬರಬರುತ್ತ ವಂಕಿ, ಮಾಲಾ ಮಾತ್ರೆ, ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗತೊಡಗಿದವು. ಗರ್ಭನಿರೋಧದ ಖರ್ಚನ್ನು ಸರ್ಕಾರ ಹೊರಬೇಕು ಎಂಬ ತತ್ವ ನಮಗೆ ಹೊಸದಲ್ಲ.

ಸಂಭೋಗದ ನಂತರ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆಯ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು. ಈ ಮಾತ್ರೆಯ ಔಷಧವಾದ ಲೆವೊನಾರ್ಜೆಸ್ಟ್ರೆಲ್ ನಮ್ಮ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ್ದು 2002ರ ಸುಮಾರಿಗೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರಲು 2005ರಲ್ಲಿ ಅನುಮತಿ ಸಿಕ್ಕಿತು. ಆ ನಿರ್ಧಾರದ ಹಿಂದೆ ವಿಜ್ಞಾನವಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 1998ರ ಅಧ್ಯಯನದ ಪ್ರಕಾರ, ಸಂಭೋಗದ ನಂತರದ ಮೊದಲ 24 ಗಂಟೆಯೊಳಗೆ ನುಂಗಿದರೆ ಆಗಬಹುದಾದ ಗರ್ಭಧಾರಣೆಗಳಲ್ಲಿ ಶೇ 95ರಷ್ಟನ್ನು ಅದು ತಡೆಯುತ್ತದೆ. 49ರಿಂದ 72 ಗಂಟೆಯ ನಡುವೆ ನುಂಗಿದರೆ ತಡೆಯುವುದು ಶೇ 58ರಷ್ಟನ್ನು ಮಾತ್ರ. ಡಾಕ್ಟರಿಗಾಗಿ ಸೋಮವಾರದವರೆಗೆ ಕಾಯುವ ವಿಷಯ ಇದಲ್ಲ. 2007ರಲ್ಲಿ ಸಿಪ್ಲಾದ ಐ-ಪಿಲ್ ಟಿ.ವಿ. ಜಾಹೀರಾತಿನೊಂದಿಗೆ ಬಂದ ಮೇಲಂತೂ ಮಾತ್ರೆ ಮನೆಮಾತಾಯಿತು. ಇವತ್ತು ಮೆಡಿಕಲ್ ಶಾಪಿನಲ್ಲಿ ಒಂದಕ್ಕೆ ನೂರು ರೂಪಾಯಿ ಆಚೀಚೆ. ಗರ್ಭನಿರೋಧಕಗಳಿಗೆ ಜಿಎಸ್‌ಟಿ ಇಲ್ಲ ಎಂಬುದಷ್ಟೇ ಸಮಾಧಾನ.

ವಿಮೆ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. 1986ರ ಮೆಡಿಕ್ಲೇಮ್‌ನಿಂದಲೂ ನಮ್ಮ ಆರೋಗ್ಯ ವಿಮೆ ನಿಂತಿರುವುದು ಆಸ್ಪತ್ರೆಗೆ ಅಡ್ಮಿಟ್ ಆಗುವುದರ ಮೇಲೆ. ಅಡ್ಮಿಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಕ್ಲೇಮೂ ಇಲ್ಲ. ಸಾಲದ್ದಕ್ಕೆ, ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಗಿಡುವ ಷರತ್ತುಗಳಿಗೆ ಏಕರೂಪದ ಮಾದರಿ ಕೊಟ್ಟಾಗ, 17ನೆಯ ಷರತ್ತಿನಲ್ಲಿ ಬಂಜೆತನದ ಚಿಕಿತ್ಸೆಯ ಜೊತೆಗೇ 'ಯಾವುದೇ ಬಗೆಯ ಗರ್ಭನಿರೋಧ'ವನ್ನೂ ಸೇರಿಸಿತು. 2020ರ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲೂ ಅದೇ ಷರತ್ತು ಇದೆ. ಮಗು ಬೇಕೆನ್ನುವವಳನ್ನೂ ಬೇಡವೆನ್ನುವವಳನ್ನೂ ಒಂದೇ ಸಾಲಿನಲ್ಲಿ ಹೊರಗೆ ನಿಲ್ಲಿಸುವ ಈ ಷರತ್ತು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ರಾಜ್ಯದ ಯೋಜನೆಗಳಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. 2003ರ ಯಶಸ್ವಿನಿ ಸಹಕಾರಿ ಸದಸ್ಯರ ಶಸ್ತ್ರಚಿಕಿತ್ಸೆಗೆ ಹುಟ್ಟಿದ್ದು. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ, ಆದರೆ ಆಸ್ಪತ್ರೆಯ ಚಿಕಿತ್ಸೆಗೆ. ನಮ್ಮ ಮನೆಮನೆಗಳಲ್ಲಿರುವ ಮಣಿಪಾಲ ಆರೋಗ್ಯ ಕಾರ್ಡ್ ವಿಮೆಯಲ್ಲ, ರಿಯಾಯಿತಿಯ ಕಾರ್ಡ್. ಹೊರರೋಗಿಗೂ ಔಷಧಿ ಕೊಡುವ ಕಾರ್ಮಿಕರ ವಿಮೆ ಇಎಸ್‌ಐ ಮಾತ್ರ ಕೊಂಚ ಭಿನ್ನ. ಸಂತಾನಹರಣ ಮಾಡಿಸಿಕೊಂಡ ಕಾರ್ಮಿಕ ಮಹಿಳೆಗೆ ಅದು 14 ದಿನಗಳ ಪೂರ್ತಿ ಸಂಬಳವನ್ನೂ ಕೊಡುತ್ತದೆ. ಆದರೆ ಹಾಸ್ಟೆಲ್ ಹುಡುಗಿಗೆ, ಅಂಗಡಿಯಲ್ಲಿ ದಿನಗೂಲಿಗೆ ನಿಂತವಳಿಗೆ ಇಎಸ್‌ಐ ಎಲ್ಲಿಂದ ಬರಬೇಕು?

ನಿಜವಾಗಿ ದಾರಿ ತೆರೆದದ್ದು ಆಶಾ ಕಾರ್ಯಕರ್ತೆಯರು. 2011ರಲ್ಲಿ ಶುರುವಾದ ಯೋಜನೆಯಂತೆ ಅವರು ತುರ್ತು ಮಾತ್ರೆಯನ್ನು ಎರಡು ರೂಪಾಯಿಗೆ ಮನೆಬಾಗಿಲಿಗೇ ತಂದರು. ಕಾಪು, ಕಾರ್ಕಳದ ಹಳ್ಳಿಯ ಗೃಹಿಣಿಗೆ ಇದು ದೊಡ್ಡ ಉಪಕಾರ. ಆದರೆ ಆಶಾ ಹಿಡಿದು ನಡೆಯುವ ಪಟ್ಟಿಯ ಹೆಸರೇ 'ಅರ್ಹ ದಂಪತಿ'. ಮದುವೆಯಾಗದ ಹುಡುಗಿ ನೆರೆಮನೆಯ ಆಶಾ ಅಕ್ಕನನ್ನು ಈ ಮಾತ್ರೆ ಕೇಳಿಯಾಳೇ? ಎರಡು ರೂಪಾಯಿಯ ಮಾತ್ರೆ ಊರಲ್ಲೇ ಇದ್ದರೂ ಅವಳು ಬಸ್ ಹಿಡಿದು, ಗುರುತಿಲ್ಲದ ಅಂಗಡಿ ಹುಡುಕಿ ನೂರು ಕೊಡುತ್ತಾಳೆ. ಬಸ್ ಚಾರ್ಜೂ, ಅರ್ಧ ದಿನದ ಕೂಲಿಯೂ ಮಾತ್ರೆಯ ಬೆಲೆಗೇ ಸೇರಿದವು.

ವಿಮೆಗೆ ಸೇರಿಸಿದರೆ ಸಾಕೇ ಎಂದರೆ ನನಗೆ ಒಪ್ಪಿಗೆಯಿಲ್ಲ. ಪಾಲಿಸಿ ಅಪ್ಪನ ಹೆಸರಿನಲ್ಲಿದ್ದರೆ ಕ್ಲೇಮಿನ ಸಂದೇಶ ಅಪ್ಪನ ಮೊಬೈಲಿಗೆ ಹೋಗುತ್ತದೆ. ಅಮೆರಿಕದಲ್ಲಿ 2012ರಿಂದ ಹೆಚ್ಚಿನ ವಿಮೆಗಳು ಗರ್ಭನಿರೋಧದ ಪೂರ್ತಿ ಖರ್ಚು ಕೊಡುತ್ತವೆ, ಆದರೆ ಚೀಟಿಯಿಲ್ಲದೆ ಕೊಂಡ ಮಾತ್ರೆಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಚೀಟಿ ತಂದು ದುಡ್ಡು ಉಳಿಸಲು ಹೋದರೆ ಗಂಟೆಗಳು ಕಳೆಯುತ್ತವೆ. ಫ್ರಾನ್ಸ್ 2023ರ ಜನವರಿಯಿಂದ ಎಲ್ಲ ಮಹಿಳೆಯರಿಗೂ ಔಷಧಿ ಅಂಗಡಿಯಲ್ಲೇ ಚೀಟಿಯಿಲ್ಲದೆ, ಉಚಿತವಾಗಿ ಕೊಡುತ್ತಿದೆ. ನಮಗೆ ಹೊಂದುವುದು ಅದೇ: ಆಶಾ ಚೀಲದಲ್ಲಿರುವ ಮಾತ್ರೆಯೇ ಮಣಿಪಾಲದ ಮೆಡಿಕಲ್ ಶಾಪಿನಲ್ಲೂ ಹೆಸರು, ಮದುವೆ ಕೇಳದೆ ಸಿಗಬೇಕು.

ಚೀಟಿ ಮತ್ತೆ ಕಡ್ಡಾಯವಾಗುತ್ತದೆ ಎಂಬ ಸುದ್ದಿ 2024ರ ಸೆಪ್ಟೆಂಬರಿನಲ್ಲಿ ಹಬ್ಬಿತ್ತು. ನಿಯಮ ಬದಲಾಗಿಲ್ಲ ಎಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸ್ಪಷ್ಟಪಡಿಸಿತು. ಹಾಗೆ ಬದಲಾದರೆ ನೂರು ರೂಪಾಯಿಯ ಮೇಲೆ ಡಾಕ್ಟರ ಫೀಸೂ ಕೂಡಿಕೊಳ್ಳುತ್ತದೆ, ಅದನ್ನೂ ಕೊಡುವವಳು ಅವಳೇ.